ಥರ್ಜಾ ಬ್ಯಾಗ್ಲಿ ಮತ್ತು ಹನ್ನೊಂದು ತೊಟ್ಟಿ

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ಥರ್ಜಾ ಬ್ಯಾಗ್ಲಿಯ ದ್ವೇಷಕ್ಕೆ ಇಪ್ಪತ್ತೆರಡು ತುಂಬಿತ್ತು, ಇನ್ನೂ ಒಂದು ಹಲ್ಲೂ ಉದುರಿರಲಿಲ್ಲ. ದೋಣಿಯಲ್ಲೇ ಹುಟ್ಟಿ, ದೋಣಿಯಲ್ಲೇ ಹೆತ್ತು, ಅರವತ್ತೊಂದನೆಯ ವಯಸ್ಸಿನಲ್ಲೂ ಕಲ್ಲಿದ್ದಲಿನ ಸಲಿಕೆ ಹಿಡಿದರೆ ಗಂಡಸರು ಪಕ್ಕಕ್ಕೆ ಸರಿಯುವಂಥ ಹೆಂಗಸು ಅವಳು. ಓದು ಬರಹ ಬಾರದು. ಆದರೆ ಯಾರು ಯಾವ ಸೇತುವೆಯ ಕೆಳಗೆ ಯಾರಿಗೆ ಏನಂದರು ಅನ್ನುವುದು ಅಷ್ಟೂ ಅವಳ ತಲೆಯಲ್ಲಿತ್ತು. ಕಾಲುವೆಯ ಹೆಂಗಸರೆಲ್ಲ ಹಗುರವಾದ ಹೊಸ ಟೋಪಿಗೆ ಬದಲಾಗಿದ್ದರೂ ಇವಳು ಮಾತ್ರ ಕತ್ತಿನ ಹಿಂದೆ ಇಳಿಬಿದ್ದ ಹಳೆಯ ಕಪ್ಪು ಟೋಪಿ ಬಿಟ್ಟಿರಲಿಲ್ಲ. ಗಂಡ ಎಫ್ರಾಯಿಮ್ ಸತ್ತಾಗ ಹಾಕಿಕೊಂಡದ್ದು. ಅಬ್ಸಲೊಮ್ ಗ್ರೈಸ್ ಸತ್ತ ದಿನ ತೆಗೆಯುತ್ತೇನೆ ಅಂತ ಎಲ್ಲರೆದುರೇ ಹೇಳಿದ್ದಳು.

ಆ ಹಗೆಯ ಮೂಲ ಕಾಲುವೆಯ ಮಕ್ಕಳಿಗೂ ಗೊತ್ತಿತ್ತು. ಕಾಲುವೆ ಗುಡ್ಡ ಹತ್ತುವ ಕಡೆ ಕಲ್ಲಿನ ತೊಟ್ಟಿಗಳಿರುತ್ತವೆ, ಕೆಳಗೊಂದು ಬಾಗಿಲು, ಮೇಲೊಂದು ಬಾಗಿಲು. ದೋಣಿ ಕೆಳಬಾಗಿಲಿಂದ ಒಳಗೆ ಬರುತ್ತದೆ, ತೂಬೆತ್ತಿ ನೀರು ತುಂಬಿದರೆ ದೋಣಿಯೂ ಏರುತ್ತದೆ, ಮೇಲಿನ ಬಾಗಿಲಿಂದ ಹೊರಗೆ ಹೋಗುತ್ತದೆ. ಹತ್ತುವವರಿಗೆ ತೊಟ್ಟಿ ಖಾಲಿಯಾಗಿ, ಕೆಳಬಾಗಿಲು ತೆರೆದು ಸಿಕ್ಕಿದರೆ ಅದು ಒಳ್ಳೆಯ ದಾರಿ. ತುಂಬಿ ನಿಂತಿದ್ದರೆ ಕೆಟ್ಟ ದಾರಿ. ಅಷ್ಟೂ ನೀರನ್ನು ಮೊದಲು ಖಾಲಿ ಮಾಡಬೇಕು, ಕಾಯಬೇಕು, ಮತ್ತೆ ತುಂಬಿಸಬೇಕು. ದೋಣಿಯಲ್ಲಿ ಹೆಣ ಹೊರಟಾಗ ಯಾರಾದರೊಬ್ಬರು ಮುಂದೆ ಹೋಗಿ ಪ್ರತಿ ತೊಟ್ಟಿಯನ್ನೂ ತೆರೆದಿಡುತ್ತಾರೆ. ಕಳ್ಳನಾಗಲಿ, ಕುಡುಕನಾಗಲಿ, ಕೊನೆಯ ದಿನ ಅವನಿಗೆ ಒಳ್ಳೆಯ ದಾರಿ ಕೊಡಲೇಬೇಕು.

ಎಫ್ರಾಯಿಮ್‌ಗೆ ಅದು ಸಿಗಲಿಲ್ಲ. ಒಂದು ಶನಿವಾರ ಅವನ ಪೆಟ್ಟಿಗೆ ಟಾರ್ವೆಲ್ ಏರಿನ ಕೆಳಗೆ ಬಂದಾಗ ಹನ್ನೊಂದು ತೊಟ್ಟಿಗಳ ಪೈಕಿ ಮೊದಲನೆಯದು ಬಾಗಿಲು ತೆರೆದು ಕಾಯುತ್ತಿತ್ತು. ಕೂಗಳತೆ ದೂರ. ಅಷ್ಟರಲ್ಲಿ ದೋಣಿ ಕಟ್ಟುವ ಪಕ್ಕದ ಕಟ್ಟೆಯಿಂದ ಅಬ್ಸಲೊಮ್ ಗ್ರೈಸ್ ಕುದುರೆಗೆ ಬಾರುಕೋಲು ಕೊಟ್ಟು ತನ್ನ ಬರಿದೋಣಿಯನ್ನು ಒಳಗೆ ನುಗ್ಗಿಸಿದ. ಥರ್ಜಾ ದಡದ ಮೇಲೆ ಓಡುತ್ತ ಕೂಗಿದಳು. ಅವನು ತಿರುಗಿ ಹೇಳಿದ್ದು ಇಷ್ಟು: "ಸತ್ತವನಿಗೆ ಏನು ಆತುರ? ಕಲ್ಲಿದ್ದಲು ಕಟ್ಟೇಲಿ ನನ್ನ ಸರದಿ ತಪ್ಪುತ್ತೆ." ಹನ್ನೊಂದು ತೊಟ್ಟಿಯನ್ನೂ ಅವನು ತುಂಬಿಸಿಕೊಂಡು ಹತ್ತಿದ, ಹನ್ನೊಂದನ್ನೂ ಇವಳು ಬರಿದು ಮಾಡಿಕೊಂಡು ಹತ್ತಿದಳು.

ಮೇಲೆ ತಲುಪಿದಾಗ ಮೂರು ಗಂಟೆ ದಾಟಿತ್ತು. ಟಾರ್ವೆಲ್ ಚರ್ಚಿನ ಪಾದ್ರಿ ಶನಿವಾರ ಮೂರಕ್ಕೆ ಹೊರಟರೆ ಪಕ್ಕದ ಊರುಗಳನ್ನು ಮುಗಿಸಿ ಬರುವುದು ಸೋಮವಾರ. ಹೊರಲು ಬಂದಿದ್ದ ದೋಣಿಯವರು, ಸರಕು ತಡವಾದರೆ ಕೂಲಿ ಕತ್ತರಿಸುವ ಮಾಲೀಕರಿಗೆ ಹೆದರಿ, ಒಬ್ಬೊಬ್ಬರೇ ದೋಣಿಯ ಹಗ್ಗ ಬಿಚ್ಚಿಕೊಂಡು ಹೊರಟುಹೋದರು. ಎಫ್ರಾಯಿಮ್ ಎರಡು ರಾತ್ರಿ ಕಟ್ಟೆಯ ಮೇಲೆ ಕಲ್ಲಿದ್ದಲು ಮುಚ್ಚುವ ಟಾರ್ಪಾಲಿನ ಕೆಳಗೆ ಮಲಗಿದ. ಊರ ನಾಯಿಗಳು ಬಂದು ಮೂಸಿದವು. ಥರ್ಜಾ ಕೋಲು ಹಿಡಿದು, ಒಂಬತ್ತು ವರ್ಷದ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಸೋಮವಾರ ಕಟ್ಟೆಯ ನಾಲ್ಕು ಕೂಲಿಯವರು ಹೊತ್ತರು, ಅವರಲ್ಲೊಬ್ಬನ ಬಾಯಲ್ಲಿ ಪೈಪು ಉರಿಯುತ್ತಿತ್ತು. ಗಂಟೆ ಹೊಡೆಯುವವನು ಕೆಲಸಕ್ಕೆ ಹೋಗಿದ್ದ. ಗಂಟೆಯಿಲ್ಲದೆ ಎಫ್ರಾಯಿಮ್‌ನನ್ನು ಮಣ್ಣು ಮಾಡಿದರು.

ಆಮೇಲೆ ಇಪ್ಪತ್ತೆರಡು ವರ್ಷ ಥರ್ಜಾ ಮತ್ತು ಅಬ್ಸಲೊಮ್ ಅದೇ ಕಾಲುವೆಯಲ್ಲಿ ಎದುರುಬದುರಾಗಿ ನೂರಾರು ಸಲ ಹಾದರು. ಅವನ ದೋಣಿಯ ಮೂತಿ ಕಂಡರೆ ಸಾಕು, ಇವಳು ಟೋಪಿ ಹಾಕಿದ ತಲೆಯನ್ನು ಇನ್ನೊಂದು ಕಡೆಗೆ ತಿರುಗಿಸಿ ನೀರಿಗೆ ಉಗುಳುತ್ತಿದ್ದಳು. ಅತಿಯಾಯಿತು ಅನ್ನುವವರು ಅನ್ನಲಿ. ಅವರ ಗಂಡನ ಹೆಣವನ್ನು ನಾಯಿ ಮೂಸಿರಲಿಲ್ಲ.

ದೇಶದ ಮುದಿ ರಾಜ ಸತ್ತ ವರ್ಷದ ಮಾರ್ಚ್ ತಿಂಗಳಲ್ಲಿ ಅಬ್ಸಲೊಮ್ ಗ್ರೈಸ್ ಹೆಂಪ್ಲಿ ಕಟ್ಟೆಯಲ್ಲಿ ತನ್ನ ದೋಣಿಯ ಕೋಣೆಯಲ್ಲೇ ತೀರಿಕೊಂಡ. ಸುದ್ದಿ ಬಂದಾಗ ಥರ್ಜಾ ಮಗಳು ಲೆಟಿಸಳ ದೋಣಿಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಹಾಸಿಗೆಯಲ್ಲಿ, ಹೆಂಡತಿಯ ಕೈಯಲ್ಲಿ ಚಹಾ ಕುಡಿದು, ಎಪ್ಪತ್ತು ತುಂಬಿಸಿಕೊಂಡು ಹೋದನಂತೆ. ತಪ್ಪಿಸಿಕೊಂಡುಬಿಟ್ಟ ಅನ್ನಿಸಿ ಅವಳಿಗೆ ಮೈಯೆಲ್ಲ ಉರಿಯಿತು. ಆಮೇಲೆ ನೆನಪಾಯಿತು. ಗ್ರೈಸರನ್ನೂ ಮಣ್ಣು ಮಾಡುವುದು ಟಾರ್ವೆಲ್‌ನಲ್ಲೇ. ಅವನೂ ಹನ್ನೊಂದು ಹತ್ತಲೇಬೇಕು. ಒಯ್ಯುವುದು ನಾಡಿದ್ದು, ಶನಿವಾರ.

ಶುಕ್ರವಾರ ಅಳಿಯನ ಸೈಕಲ್ಲು ಇಳಿಸಿಕೊಂಡಳು.

"ಎಲ್ಲಿಗಮ್ಮಾ?" ಲೆಟಿಸ್ ಕೇಳಿದಳು.

"ಸಾವಿಗೆ."

"ಗ್ರೈಸ್ ಸಾವಿಗಾ? ನೀನಾ?"

"ಸತ್ತವರ ಮೇಲೆ ಏನು ಹಗೆ ಮಗಳೇ?"

ಲೆಟಿಸ್ ಬಂದು ತಾಯಿಯ ಹಣೆ ಮುಟ್ಟಿ ನೋಡಿದಳು. "ಜ್ವರ ಗಿರ ಇಲ್ಲ. ಮತ್ತೆ ಆ ಟೋಪಿ ಯಾಕೆ ತೆಗೀಲಿಲ್ಲ? ಅವನು ಸತ್ರೆ ತೆಗೀತೀನಿ ಅಂದಿದ್ದೆ."

"ಇನ್ನೂ ಮಣ್ಣು ಬಿದ್ದಿಲ್ಲ," ಅಂದಳು ಥರ್ಜಾ.

ಹೆಂಪ್ಲಿಯವರೆಗೂ ಅವಳು ಪೆಡಲು ತುಳಿಯುತ್ತ ಮಾತು ಕೂಡಿಸಿಕೊಂಡಳು. ದಾರಿ ಮಾಡುವ ಕೆಲಸ ತನಗೇ ಕೊಡಬೇಕು. ಅದಕ್ಕೆ ಕಣ್ಣೀರು ಹಾಕಬೇಕಾದರೆ ಹಾಕೋಣ, ದೇವರ ಹೆಸರು ಎತ್ತಬೇಕಾದರೆ ಎತ್ತೋಣ. ಆದರೆ ಅಷ್ಟೆಲ್ಲ ಬೇಕಾಗಲೇ ಇಲ್ಲ. ಗ್ರೈಸನ ಹೆಂಡತಿ ಕೆಜಾಯಾ ದೋಣಿಯ ಬಾಗಿಲಲ್ಲಿ ಕೂತಿದ್ದಳು. ಸಣ್ಣ ಮೈಯ, ಮಾತಿಲ್ಲದ ಹೆಂಗಸು. ಪಕ್ಕದಲ್ಲಿ ಮಗ ರೂಬೆನ್ ಕುದುರೆಯ ಹಗ್ಗಕ್ಕೆ ಕಪ್ಪು ಪಟ್ಟಿ ಸುತ್ತುತ್ತಿದ್ದ.

"ಕೆಜಾಯಾ, ನಾಳೆ ಮುಂದೆ ಹೋಗಿ ದಾರಿ ಮಾಡೋರು ಯಾರು?"

"ಯಾರಿಗೂ ಹೇಳಿಲ್ಲ."

"ನಾನು ಹೋಗ್ತೀನಿ."

ರೂಬೆನ್ ಎದ್ದು ನಿಂತ. "ನೀವಾ ಅತ್ತೆ? ಬೇಡ. ಅಮ್ಮಾ, ಈಯಮ್ಮ ನಮ್ಮಪ್ಪನ ಮುಖ ಕಂಡ್ರೆ ಉಗೀತಿದ್ದೋಳು. ಈಯಮ್ಮನ ಕೈಗೆ ಕೊಡೋದಾ?"

"ನಿಮ್ಮಪ್ಪನ ತೂಬಿನ ಕೀಲಿ ತಗೊಂಡು ಬಾ," ಅಂದಳು ಕೆಜಾಯಾ.

"ಅಮ್ಮಾ!"

"ತಗೊಂಡು ಬಾ ಅಂದೆ."

ಮೊಣಕೈ ಥರ ಬಾಗಿದ, ಹಿಡಿ ಸವೆದು ಹೊಳೆಯುತ್ತಿದ್ದ ಕಬ್ಬಿಣದ ಕೀಲಿ. ತೂಬು ಎತ್ತುವುದು ಇಳಿಸುವುದು ಎಲ್ಲ ಅದರಿಂದಲೇ. ಥರ್ಜಾ ಅದನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡಳು. ಕೆಜಾಯಾ ಮೊದಲಿಂದಲೂ ಪೆದ್ದಿ, ಗಂಡ ಸತ್ತಮೇಲೆ ಇದ್ದ ಬುದ್ಧಿಯೂ ಹೋಗಿದೆ ಅಂದುಕೊಂಡಳು.

ಶನಿವಾರ ಎಂಟು ಗಂಟೆಗೆ ದೋಣಿ ಹೊರಟಿತು. ಮುಂದೆ ಕಪ್ಪು ಪಟ್ಟಿಯ ಕುದುರೆ, ಅದರ ಕಿವಿಯ ಬಳಿ ಕೆಜಾಯಾ. ಹಿಂದೆ ಎಪ್ಪತ್ತು ಅಡಿ ಉದ್ದದ, ಆಳೆತ್ತರ ಅಗಲದ ದೋಣಿ. ನಡುವೆ ಪೆಟ್ಟಿಗೆ. ಕೊನೆಯಲ್ಲಿ ಚುಕ್ಕಾಣಿ ಹಿಡಿದ ರೂಬೆನ್. ಕೋಣೆಯ ಒಲೆಯ ಹೊಗೆಗೊಳವೆಗಿದ್ದ ಹಿತ್ತಾಳೆ ಬಳೆಗಳನ್ನು ಕೆಜಾಯಾ ತಿಕ್ಕಿ ತಿಕ್ಕಿ ಹೊಳಪು ಕೊಟ್ಟಿದ್ದಳು. ಹೆಣ ಹೊತ್ತರೂ ಹಿತ್ತಾಳೆ ಮಂಕಾಗಿರಬಾರದು, ಇಲ್ಲದಿದ್ದರೆ ಕಾಲುವೆಯವರು ಸತ್ತವನನ್ನು ಬಿಟ್ಟು ಬದುಕಿದವಳ ಬಗ್ಗೆ ಮಾತಾಡುತ್ತಾರೆ. ಟಾರ್ವೆಲ್‌ಗೆ ಒಂಬತ್ತು ಮೈಲಿ, ನಡುವೆ ಮೂರು ಒಂಟಿ ತೊಟ್ಟಿ, ಕೊನೆಯಲ್ಲಿ ಹನ್ನೊಂದರ ಏರು.

ಮೊದಲ ಮೂರು ತೊಟ್ಟಿಗಳನ್ನು ಥರ್ಜಾ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಿದ್ಧಮಾಡಿಕೊಟ್ಟಳು. ಮುಂದಾಗಿ ಸೈಕಲ್ಲಲ್ಲಿ ಹೋದಳು, ನೀರು ಬಸಿದಳು, ಬೆನ್ನು ಕೊಟ್ಟು ಬಾಗಿಲ ತೊಲೆ ತಳ್ಳಿದಳು. ದೋಣಿ ಬಂದಾಗ ತೊಟ್ಟಿ ಬಾಯಿ ತೆರೆದು ಕಾಯುತ್ತಿತ್ತು. ಎರಡನೆಯ ತೊಟ್ಟಿಯ ಹತ್ತಿರ ಇಬ್ಬರು ದೋಣಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು.

"ನೋಡೇ, ಥರ್ಜಾ! ಗ್ರೈಸ್‌ಗೆ ಬಾಗಿಲು ತೆಗೀತಿದಾಳೆ!"

"ನಂಬ್ಬೇಡ. ಹೆಣ ನಿಜವಾಗ್ಲೂ ಸತ್ತಿದೆಯಾ ಅಂತ ನೋಡೋಕೆ ಹೋಗ್ತಿದಾಳೆ."

"ಸುಮ್ನಿರೇ, ಕೇಳಿಸ್ಕೋತಾಳೆ. ದೊಡ್ಡ ಮನಸ್ಸು ಕಣಮ್ಮಾ ನಿಂದು!" ಅಂತ ಮೊದಲನೆಯವಳು ಕೂಗಿದಳು.

ಥರ್ಜಾ ತಲೆ ಬಾಗಿಸಿ ಮುಂದೆ ಹೋದಳು. ಮೂರನ್ನು ಚೆನ್ನಾಗಿ ಮಾಡದಿದ್ದರೆ ರೂಬೆನ್ ಕೀಲಿ ಕಿತ್ತುಕೊಳ್ಳುತ್ತಾನೆ ಅನ್ನುವುದು ಅವಳಿಗೆ ಗೊತ್ತಿತ್ತು. ಮೂರನೆಯದರ ಬಳಿ ಅವನೇ ಟೋಪಿ ಎತ್ತಿ, "ತಪ್ಪು ತಿಳ್ಕೊಂಡಿದ್ದೆ ಅತ್ತೆ, ಕ್ಷಮಿಸಿ," ಅಂದ. ಅವಳು ಅವನಿಗೆ ತನ್ನ ಬುತ್ತಿಯಲ್ಲಿದ್ದ ಕೊಬ್ಬು ಸವರಿದ ಬ್ರೆಡ್ಡಿನ ಅರ್ಧ ಕೊಟ್ಟಳು. ಅವನು ತಿಂದ. ಉಳಿದರ್ಧ ಅವಳು ತಿಂದಳು, ಬಹಳ ದಿನದಿಂದ ಇಷ್ಟು ರುಚಿ ಕಂಡಿರಲಿಲ್ಲ.

ಅವಳು ಟಾರ್ವೆಲ್ ಏರಿನ ಬುಡ ತಲುಪಿದಾಗ ಹನ್ನೆರಡು ಹೊಡೆಯುತ್ತಿತ್ತು. ಗುಡ್ಡದ ನೆತ್ತಿಯ ಚರ್ಚಿನ ಗಡಿಯಾರ ಕಾಲು ಗಂಟೆಗೊಮ್ಮೆ ಹೊಡೆಯುತ್ತದೆ, ಕೆಳಗಿನವರೆಗೂ ಕೇಳಿಸುತ್ತದೆ. ಅಷ್ಟರಲ್ಲಿ ಇಳಿದು ಬಂದ ಕಲ್ಲಿದ್ದಲು ದೋಣಿಯವನೊಬ್ಬ ಅವಳನ್ನು ನೋಡಿ ಕೈಯೆತ್ತಿದ.

"ಗ್ರೈಸ್ ಪೆಟ್ಟಿಗೆ ಬರ್ತಿದೆ ಅಂದ್ರು. ಹನ್ನೊಂದೂ ಬರಿದು ಮಾಡಿ ಬಾಗಿಲು ತೆಗೆದೇ ಬಂದಿದೀನಮ್ಮಾ. ನೀನು ಕೀಲಿ ಮುಟ್ಟೋ ಹಾಗೇ ಇಲ್ಲ. ಕೂತ್ಕೊಂಡು ಚಹಾ ಕುಡಿ."

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ ಮಗಾ," ಅಂದಳು ಥರ್ಜಾ.

ಅವನು ತಿರುವಿನಲ್ಲಿ ಮರೆಯಾಗುವವರೆಗೆ ಕಾದಳು. ಒಳ್ಳೆಯದು ತಾನಾಗಿ ಆಗಿಬಿಟ್ಟಿತ್ತು. ಕೆಟ್ಟದ್ದು ಮಾಡಬೇಕಾದರೆ ಮೈಮುರಿಯಬೇಕಿತ್ತು. ಅದಕ್ಕೆಲ್ಲ ಹಿಂಜರಿಯುವವಳಲ್ಲ. ಮೊದಲನೆಯ ತೊಟ್ಟಿಯ ಎರಡೂ ಕೆಳಬಾಗಿಲುಗಳಿಗೆ ಬೆನ್ನು ಕೊಟ್ಟಳು, ಹಿಮ್ಮಡಿ ಊರಿ ತಳ್ಳಿದಳು. ಬಾಗಿಲು ಕೂಡಿಕೊಂಡಿತು. ಮೇಲ್ಗಡೆಗೆ ಹೋಗಿ, ಗ್ರೈಸನ ದಾರಿ ಕೆಡಿಸಲು ಗ್ರೈಸನ ಕೀಲಿಯನ್ನೇ ತೂಬಿಗೆ ಹಾಕಿ ತಿರುಗಿಸಿದಳು. ತೂಬು ಎದ್ದಿತು, ನೀರು ಭೋರ್ ಎಂದು ಒಳಗೆ ಬಿತ್ತು. ತುಂಬುವ ನೀರನ್ನು ಬಗ್ಗಿ ನೋಡುತ್ತ, "ಇದು ನಾಯಿಗಳಿಗೆ," ಅಂದಳು.

ಎರಡನೆಯದು ಟಾರ್ಪಾಲಿಗೆ. ಮೂರನೆಯದು ಬಾಯಲ್ಲಿ ಪೈಪು ಇಟ್ಟುಕೊಂಡು ಹೆಣ ಹೊತ್ತ ಕೂಲಿಯವನಿಗೆ. ನಾಲ್ಕನೆಯದು, ಹಗ್ಗ ಬಿಚ್ಚಿಕೊಂಡು ಹೋಗುವಾಗ ತನ್ನ ಮುಖ ನೋಡಲಾರದೆ ಹೋದ ದೋಣಿಯವರಿಗೆ. ಐದನೆಯದಕ್ಕೆ ಹೆಸರಿಡುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು, ತೊಲೆಯ ಮೇಲೆ ಕೂತಳು. ಅಲ್ಲಿಂದ ಕೆಳಗಿನದ್ದೆಲ್ಲ ಕಾಣುತ್ತಿತ್ತು.

ದೋಣಿ ಮೊದಲನೆಯ ತೊಟ್ಟಿಗೆ ಬಂದಿತ್ತು. ರೂಬೆನ್ ದಡಕ್ಕೆ ಹಾರಿ ಮುಚ್ಚಿದ ಬಾಗಿಲ ಮುಂದೆ ನಿಂತು ತಲೆ ಕೆರೆದುಕೊಂಡ. ನಡುವೆ ಯಾವುದೋ ದೋಣಿ ಹತ್ತಿಹೋಗಿರಬೇಕು ಅಂದುಕೊಂಡನೇನೋ, ತನ್ನ ಕೀಲಿ ತಂದು ತೂಬೆತ್ತಿದ. ನೀರು ಬರಿದಾಗುವವರೆಗೂ ಕುದುರೆ ಹುಲ್ಲು ಮೇಯಿತು. ಎರಡನೆಯದರಲ್ಲಿ ಅವನು ಬಾಗಿಲಿಗೆ ಒದ್ದ. ಮೂರನೆಯದರಲ್ಲಿ ತಲೆ ಎತ್ತಿ ಏರಿನುದ್ದಕ್ಕೂ ನೋಡಿದ. ತೊಲೆಯ ಮೇಲೆ ಕೂತ ಕಪ್ಪು ಟೋಪಿ ಅವನಿಗೆ ಕಂಡಿತು. ಅವನಿಗೆ ಅರ್ಥವಾಯಿತು ಅನ್ನುವುದು ಥರ್ಜಾಳಿಗೂ ಕಂಡಿತು.

ಈಗ ಕೂಗುತ್ತಾನೆ, ಈಗ ಓಡಿಬರುತ್ತಾನೆ ಅಂತ ಅವಳು ಎದ್ದು ನಿಂತಳು. ಇಪ್ಪತ್ತೆರಡು ವರ್ಷ ಅವಳು ಕಾದದ್ದು ಆ ಕೂಗಿಗಾಗಿ. ಹಿಂದೆ ತಾನು ದಡದ ಮೇಲೆ ಕೂಗಿದ ಹಾಗೆ ಗ್ರೈಸನ ಮನೆಯವರು ಗಂಟಲು ಹರಿಯುವ ಹಾಗೆ ಕೂಗಬೇಕು, ತಾನು ಕೇಳಿಸಿಕೊಳ್ಳದೆ ಮುಂದೆ ಹೋಗಬೇಕು. ರೂಬೆನ್ ಮುಷ್ಟಿ ಎತ್ತಿದ್ದು ನಿಜ. ಎರಡು ಹೆಜ್ಜೆ ಓಡಿದ್ದೂ ನಿಜ. ಆದರೆ ಕೆಜಾಯಾ ಕುದುರೆ ಬಿಟ್ಟು ಬಂದು ಅವನ ತೋಳು ಹಿಡಿದಳು. ಏನೋ ಹೇಳಿದಳು. ಅವನು ತಲೆ ತಗ್ಗಿಸಿ ವಾಪಸು ಹೋಗಿ ತೂಬೆತ್ತಿದ. ಒಂದು ಬೈಗುಳವಿಲ್ಲ, ಒಂದು ಶಾಪವಿಲ್ಲ.

"ಬಾಯಿ ಸತ್ತೋರು," ಅಂತ ಥರ್ಜಾ ಗೊಣಗಿ ಆರನೆಯದಕ್ಕೆ ಹೋದಳು. ಉಪ್ಪಿಲ್ಲದ ಊಟದ ಹಾಗಾಯಿತು. ಆರು, ಏಳು, ಎಂಟು. ಬೆನ್ನು ನೋಯತೊಡಗಿತು, ಅಂಗೈಯಲ್ಲಿ ಹಳೆಯ ದಡ್ಡು ಒಡೆಯಿತು. ಪ್ರತಿ ಸಲ ತಿರುಗಿ ನೋಡಿದಳು. ಪ್ರತಿ ಸಲ ಕೆಳಗೆ ಅದೇ ನೋಟ. ಮಗ ನೀರು ಬಸಿಯುತ್ತಾನೆ, ತಾಯಿ ಕುದುರೆಯ ಕುತ್ತಿಗೆ ಸವರುತ್ತ ಕಾಯುತ್ತಾಳೆ.

ಹತ್ತನೆಯದು ಮುಗಿಸಿ ಹನ್ನೊಂದರ ಬಳಿ ಸೈಕಲ್ಲು ಒರಗಿಸಿದಾಗ ಎರಡು ಹೊಡೆಯಲು ಇನ್ನೂ ಹೊತ್ತಿತ್ತು. ಈ ಕೊನೆಯದನ್ನು ಅವಳು ಮುಟ್ಟಲಿಲ್ಲ, ತೆರೆದೇ ಬಿಟ್ಟಳು. ಅವರು ಹತ್ತನೆಯದರಿಂದ ಹೊರಗೆ ಬರುವ ಹೊತ್ತಿಗೆ, ಅವರ ಕಣ್ಣೆದುರೇ ಮುಚ್ಚಬೇಕು ಅಂತ ಅವಳ ಲೆಕ್ಕ. ಆಗಲಾದರೂ ಬಾಯಿ ಬಿಡುತ್ತಾರೋ ಇಲ್ಲವೋ ನೋಡೋಣ.

ಮೇಲಿನ ಸೇತುವೆಯ ಆಚೆ, ಕಟ್ಟೆಯಲ್ಲಿ ಸಾವಿಗೆ ಬಂದ ದೋಣಿಗಳು ಕಟ್ಟಿ ನಿಂತಿದ್ದವು. ಎರಡೂಕಾಲಕ್ಕೆ ಹಿರಿಯ ಜೋಬ್ ಸ್ನೀಡ್, ಹೊರುವವರ ಮುಂದಾಳು, ಸೇತುವೆಯ ಮೇಲಿಂದ ಬಗ್ಗಿದ.

"ಏನ್ ಥರ್ಜಾ, ಎಲ್ಲಿ ಅವರು? ಪಾದ್ರಿ ಆಗ್ಲೇ ಗಡಿಯಾರ ನೋಡ್ತಿದಾನೆ."

"ಕುದುರೆಗೆ ಕಾಲು ಉಳುಕಿದೆ ಜೋಬಣ್ಣ. ನಿಧಾನ ಬರ್ತಿದಾರೆ."

"ನಾವು ಬಂದು ಎಳೀಲಾ?"

"ಬೇಡ ಬೇಡ. ಆ ಕುದುರೆ ಹೊಸಬರನ್ನ ಕಂಡ್ರೆ ಒದೆಯುತ್ತೆ. ನೀವು ಅಲ್ಲೇ ಇರಿ."

ಜೋಬ್ ಹೋದ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು.

ಎರಡೂವರೆ ಹೊಡೆಯಿತು. ದೋಣಿ ಹತ್ತನೆಯ ತೊಟ್ಟಿಯೊಳಗೆ ಏರುತ್ತಿತ್ತು. ಥರ್ಜಾ ಎದ್ದು ಹನ್ನೊಂದರ ಕೆಳಬಾಗಿಲು ಮುಚ್ಚಿದಳು, ಮೇಲಿನ ತೂಬನ್ನು ಅರ್ಧ ಎತ್ತಿದಳು. ನೀರು ಬೀಳತೊಡಗಿತು. ಇದೊಂದು ತುಂಬಿದರೆ ಸಾಕು, ಮೂರರೊಳಗೆ ಆ ಪೆಟ್ಟಿಗೆ ಚರ್ಚು ಕಾಣುವುದಿಲ್ಲ.

ಕೆಜಾಯಾ ಒಬ್ಬಳೇ ಏರು ಹತ್ತಿ ಬಂದಳು. ಲಂಗದ ಅಂಚು ಕೆಸರಾಗಿತ್ತು. ತೊಟ್ಟಿಯ ಆಚೆ ದಡದಲ್ಲಿ ನಿಂತು ಬೀಳುವ ನೀರನ್ನು ನೋಡಿದಳು.

"ಇದೂ ಆಯ್ತಾ ಥರ್ಜಾ?"

"ಕಣ್ಣಿಲ್ವಾ? ಆಗ್ತಾ ಇದೆ. ಸತ್ತವನಿಗೆ ಏನು ಆತುರ ಕೆಜಾಯಾ?"

ಕೆಜಾಯಾಳ ಮುಖ ಬಿಳುಚಿಕೊಂಡಿತು. ಥರ್ಜಾಳಿಗೆ ಬೆಳಗಿನಿಂದ ಮೊದಲ ಸಲ ಹಿತವಾಯಿತು.

"ಸೋಮವಾರದವರೆಗೆ ಕಟ್ಟೆ ಮೇಲೆ ಮಲಗ್ಲಿ," ಅಂದಳು. "ಎಫ್ರಾಯಿಮ್ ಮಲಗಿರ್ಲಿಲ್ವಾ? ಕಲ್ಲಿದ್ದಲು ಟಾರ್ಪಾಲು ಬೇಕಾದ್ರೆ ನಾನೇ ಕೊಡಿಸ್ತೀನಿ. ಕೋಲು ಮಾತ್ರ ನೀನೇ ಹುಡುಕ್ಕೋ. ಈ ಊರಲ್ಲಿ ನಾಯಿ ಜಾಸ್ತಿ."

"ಟಾರ್ಪಾಲು ತಂದಿದೀವಿ."

"ಏನಂದೆ?"

"ದೋಣೀಲಿದೆ. ಅವನೇ ಇಡಿಸಿದ, ಸಾಯೋಕೆ ಮೂರು ದಿನ ಮುಂಚೆ." ಕೆಜಾಯಾ ತೊಲೆಯ ಮೇಲೆ ಕೂತಳು. "ಮಣ್ಣು ಮುಚ್ಚೋವರೆಗೂ ನಿನಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದ. ನೀನು ಆ ಮಾತು ಅಂದ್ಯಲ್ಲ, ನಾನೂ ಮನುಷ್ಯಳು, ಎಷ್ಟು ಅಂತ ನುಂಗ್ಲಿ? ಕೇಳು. ಶನಿವಾರಾನೇ ನನ್ನ ಒಯ್ಯಿ, ಥರ್ಜಾ ಬಂದೇ ಬರ್ತಾಳೆ, ದಾರಿ ನಾನು ಮಾಡ್ತೀನಿ ಅಂತಾಳೆ, ಕೀಲಿ ಅವಳ ಕೈಗೇ ಕೊಡು ಅಂದ. ಹನ್ನೊಂದೂ ತುಂಬಿಸ್ತಾಳೆ, ತುಂಬಿಸ್ಲಿ, ಯಾರೂ ತುಟಿ ಬಿಚ್ಚೋದು ಬೇಡ ಅಂದ. ರೂಬೆನ್‌ಗೂ ನಾನು ಇವತ್ತು ದಾರೀಲೇ ಹೇಳಿದ್ದು. ಎರಡು ರಾತ್ರಿ ಅದೇ ಕಟ್ಟೇಲಿ ಮಲಗ್ತೀನಿ, ಹೊರೋರಿಲ್ದೆ, ಗಂಟೆ ಇಲ್ದೆ ಹೋಗ್ತೀನಿ. ಆಗ ಮೇಲೆ ಎಫ್ರಾಯಿಮ್ ಸಿಕ್ಕಿದ್ರೆ ಮುಖ ಎತ್ತಿ ಮಾತಾಡ್ಬಹುದು ಅಂದ. ಇಪ್ಪತ್ತೆರಡು ವರ್ಷ ಅವನಿಗೂ ಆ ಮಾತು ಗಂಟಲಲ್ಲಿ ಸಿಕ್ಕೊಂಡಿತ್ತು ಥರ್ಜಾ. ಒಂದು ಸಲಾನಾದ್ರೂ ನೀನು ಮುಖ ತಿರುಗಿಸ್ದೆ ನಿಂತಿದ್ರೆ ಹೇಳ್ತಿದ್ದ."

ನೀರು ಬೀಳುತ್ತಲೇ ಇತ್ತು. ಥರ್ಜಾ ಬಗ್ಗಿ ಕೆಳಗಿನ ದೋಣಿಯ ಕಡೆ ನೋಡಿದಳು. ಮುದುಕ ಹಾಸಿಗೆಯಲ್ಲಿ ಮಲಗಿಕೊಂಡೇ ತನ್ನ ಹೆಣಕ್ಕೆ ಟಾರ್ಪಾಲು ಇಡಿಸಿದ್ದನ್ನು ನೆನೆದರೆ ಯಾರಿಗಾದರೂ ಮನಸ್ಸು ಕರಗುತ್ತದೆ.

ಆಮೇಲೆ ಎಫ್ರಾಯಿಮ್ ನೆನಪಾದ. ಎಫ್ರಾಯಿಮ್‌ನನ್ನು ಯಾರೂ ಕೇಳಿರಲಿಲ್ಲ. ಕಟ್ಟೆಯ ಮೇಲೆ ಮಲಗುತ್ತೀಯಾ ಅಂತ ಅವನಿಗೆ ಕೇಳಿ ಮಲಗಿಸಿರಲಿಲ್ಲ. ಈ ಅಬ್ಸಲೊಮ್ ಮಾತ್ರ ತಾನೇ ಆರಿಸಿಕೊಂಡು, ಹಾಸಿಗೆ ಹಾಸಿದ ಹಾಗೆ ಎಲ್ಲ ಸಿದ್ಧಮಾಡಿಕೊಂಡು ಬಂದಿದ್ದಾನೆ. ಅವಳನ್ನು ಕೂಲಿಯಾಳಿನ ಹಾಗೆ ಒಂಬತ್ತು ಮೈಲಿ ಓಡಿಸಿದ್ದಾನೆ. ಅವಳ ಬೆನ್ನು ಮುರಿಸಿ, ಅವಳ ಅಂಗೈ ಒಡೆಸಿ, ಅವಳ ಕೈಯಿಂದಲೇ ತನ್ನ ಪಾಪ ತೊಳೆಸಿಕೊಳ್ಳಲು ಹೊರಟಿದ್ದಾನೆ. ಬದುಕಿದ್ದಾಗ ಗಂಡನ ಮರ್ಯಾದೆ ಕಸಿದ, ಸತ್ತಮೇಲೆ ಅವಳ ಸೇಡನ್ನೂ ಕಸಿಯಲು ಬಂದ. ಅವಳಿಗೆ ಬಂದ ಸಿಟ್ಟಿಗೆ ಆ ಕೀಲಿಯಲ್ಲಿ ಪೆಟ್ಟಿಗೆ ಒಡೆದುಹಾಕಬೇಕು ಅನ್ನಿಸಿತು.

ಅವಳು ಹಾಗೆ ಮಾಡಲಿಲ್ಲ. ಕೀಲಿ ತಿರುಗಿಸಿ ಮೇಲಿನ ತೂಬು ಇಳಿಸಿದಳು. ನೀರಿನ ಸದ್ದು ನಿಂತಿತು. ಕೆಳಬಾಗಿಲಿಗೆ ನಡೆದು ಹೋಗಿ ಅಲ್ಲಿನ ತೂಬು ಎತ್ತಿದಳು. ತೊಟ್ಟಿಯ ನೀರು ಹೊರಗೆ ನುಗ್ಗತೊಡಗಿತು.

ಕೆಜಾಯಾ ಎದ್ದಳು. "ಏನ್ ಮಾಡ್ತಿದೀಯ?"

"ದಾರಿ ಮಾಡ್ತಿದೀನಿ. ನಾನು ಬಂದಿರೋದೇ ಅದಕ್ಕಲ್ವಾ?"

"ಈಗ್ಯಾಕೆ?"

"ಅರ್ಧ ತೊಟ್ಟಿ ನೀರು, ಎಷ್ಟು ಹೊತ್ತು? ಹತ್ತು ನಿಮಿಷದಲ್ಲಿ ಮೇಲೆ ಬರ್ತಾನೆ. ಪಾದ್ರಿ ಇರ್ತಾನೆ. ಆರು ಜನ ಹೊರೋರು ಸಿಕ್ತಾರೆ. ಗಂಟೇನೂ ಹೊಡೀತಾರೆ."

ಕೆಜಾಯಾಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಬಾಗಿಲ ಮೇಲಿನ ಇಕ್ಕಟ್ಟು ಹಲಗೆಯನ್ನು ದಾಟಿ ಓಡಿಬಂದು ಥರ್ಜಾಳ ಕೈ ಹಿಡಿದುಕೊಂಡಳು.

"ಬೇಡ ಥರ್ಜಾ. ದಮ್ಮಯ್ಯ. ಹತ್ತು ಮಾಡಿದೀಯ, ಇದೊಂದು ಮಾಡ್ಬಿಡು. ಮುಚ್ಚು. ನಿನ್ನ ಕಾಲಿಗೆ ಬೀಳ್ತೀನಿ, ನಮ್ಮ ಮೇಲೆ ಬಾಗಿಲು ಮುಚ್ಚು."

"ಹತ್ತು ಅವನು ಇಟ್ಕೊಳ್ಲಿ," ಅಂದಳು ಥರ್ಜಾ. "ಹನ್ನೊಂದನೇದು ಕೊಡಲ್ಲ. ಮೇಲೆ ಎಫ್ರಾಯಿಮ್ ಸಿಕ್ದಾಗ ತಲೆ ತಗ್ಗಿಸ್ಕೊಂಡೇ ನಿಂತ್ಕೊಳ್ಲಿ. ನಿನಗೆ ಎಲ್ಲಾ ಸಿಕ್ಕಿತಂತಲ್ಲ ಅಂತ ಎಫ್ರಾಯಿಮ್ ಕೇಳ್ತಾನೆ. ಹೌದು ಅನ್ಬೇಕು."

"ಅವನು ಸಾಯೋವಾಗ ಕೇಳಿದ್ದು ಇದೊಂದೇ ಕಣೇ! ನಾನು ಬಾಯಿ ಮುಚ್ಕೊಂಡಿದ್ದಿದ್ರೆ..." ಕೆಜಾಯಾ ತನ್ನ ಬಾಯಿಯನ್ನೇ ಕೈಯಿಂದ ಹೊಡೆದುಕೊಂಡಳು.

ಸೇತುವೆಯ ಮೇಲೆ ಬೂಟುಗಳ ಸದ್ದಾಯಿತು. ತಾಳ್ಮೆ ತಪ್ಪಿದ ಜೋಬ್ ಸ್ನೀಡ್ ಐದು ಜನರನ್ನು ಕರೆದುಕೊಂಡು ಇಳಿದುಬಂದಿದ್ದ. "ಏನಮ್ಮಾ ಕೆಜಾಯಾ, ಯಾಕೆ ಅಳ್ತೀ? ಇನ್ನೂ ಹೊತ್ತಿದೆ."

"ತಡ ಆಯ್ತು ಅಂತ ಹೆದರಿದಾಳೆ ಪಾಪ," ಅಂದಳು ಥರ್ಜಾ. "ಬಾಗಿಲಿಗೆ ಸ್ವಲ್ಪ ಬೆನ್ನು ಕೊಡಿ ಜೋಬಣ್ಣ, ನನ್ನ ಸೊಂಟ ಹೋಗಿದೆ."

ಬೆನ್ನು ಕೊಟ್ಟರು. ಆರು ಗಂಡಸರು ತಳ್ಳಿದರೆ ಬಾಗಿಲು ಎಷ್ಟು ಹೊತ್ತು? ಕೆಜಾಯಾ ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಗಂಡನ ಹೆಣಕ್ಕೆ ಬಾಗಿಲು ಮುಚ್ಚಿ ಅಂತ ಯಾವ ಹೆಂಡತಿ ನಾಲ್ಕು ಜನರೆದುರು ಹೇಳಾಳು? ಹೇಳಿದರೂ ಯಾರು ಕೇಳಾರು? ರೂಬೆನ್ ಹತ್ತನೆಯದರಿಂದ ಕುದುರೆ ಹೊಡೆದುಕೊಂಡು ಬಂದ. ಬಾಯಿ ತೆರೆದ ತೊಟ್ಟಿ ಕಂಡು ಕಕ್ಕಾಬಿಕ್ಕಿಯಾದ. ಥರ್ಜಾ ಅವನಿಗೆ ಕೈಬೀಸಿ ಕರೆದಳು. "ಬಾ ಮಗಾ, ಬಾ. ಪಾದ್ರಿ ಕಾಯ್ತಿದಾನೆ." ದೋಣಿ ಒಳಗೆ ಬಂತು. ಕೊನೆಯ ತೂಬನ್ನು ಅವಳೇ ಎತ್ತಿದಳು, ಅಬ್ಸಲೊಮ್ ಗ್ರೈಸ್ ಇಷ್ಟಿಷ್ಟೇ ಮೇಲೆ ಬರುವುದನ್ನು ದಡದ ಮೇಲಿಂದ ನೋಡಿದಳು.

ಮೂರಕ್ಕೆ ಐದು ನಿಮಿಷವಿದ್ದಾಗ ಪೆಟ್ಟಿಗೆ ಚರ್ಚಿನ ಗೇಟು ದಾಟಿತು. ಆರು ಜನ ಹೆಗಲು ಕೊಟ್ಟಿದ್ದರು, ನಲವತ್ತು ಜನ ಹಿಂದೆ ಬಂದರು. ಗೇಟಿನೊಳಗೆ ಬಂದ ಹೆಣ ಬಿಟ್ಟು ಹೊರಡುವಂತಿಲ್ಲದೆ ಪಾದ್ರಿ ಒಂದು ಸಾಲೂ ಬಿಡದೆ ಓದಿದ. ಟಾರ್ವೆಲ್‌ನಲ್ಲಿ ದೋಣಿಯವನೊಬ್ಬನಿಗೆ ಅಷ್ಟು ಚೆಂದದ ಮಣ್ಣು ಆದದ್ದು ಅದೇ ಮೊದಲು ಅಂತ ಎಲ್ಲರೂ ಹೇಳಿದರು. ಜೋಬ್ ಸ್ನೀಡ್ ಗುಂಡಿಯ ಪಕ್ಕ ನಿಂತು, "ಇವತ್ತು ದಾರಿ ಮಾಡಿದ್ದು ಯಾರು ಅಂತ ನಿಮಗೆಲ್ಲ ಗೊತ್ತು. ಮನಸ್ಸು ಅಂದ್ರೆ ಹೀಗಿರ್ಬೇಕು," ಅಂದ. ಹೆಂಗಸರು ಬಂದು ಥರ್ಜಾಳ ಕೈ ಒತ್ತಿದರು. ಅವಳು ಯಾರನ್ನೂ ತಿದ್ದಲು ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ರೂಬೆನ್ ತಾಯಿಯ ಭುಜ ಹಿಡಿದು ನಿಂತಿದ್ದ, ಬಾಯಿ ಬಿಡಲು ಅವನಿಗೂ ದಾರಿಯಿರಲಿಲ್ಲ.

ಮಣ್ಣು ಬೀಳುವಾಗ ಗಂಟೆ ಶುರುವಾಯಿತು. ಸತ್ತವನ ವಯಸ್ಸಿಗೆ ಒಂದೊಂದು ಹೊಡೆತ, ಎಪ್ಪತ್ತು. ಮೊದಲ ಹೊಡೆತಕ್ಕೇ ಕೆಜಾಯಾ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತಳು. ದುಃಖ ತಡೆಯಲಾರದೆ ಕೂತಳು ಅಂತ ಜನ ಸರಿದು ಜಾಗ ಬಿಟ್ಟರು. ಥರ್ಜಾ ಟೋಪಿ ಬಿಚ್ಚಿ ಕೈಯಲ್ಲಿ ಹಿಡಿದು, ಎಪ್ಪತ್ತನೆಯ ಹೊಡೆತದವರೆಗೂ ನಿಂತು ಕೇಳಿದಳು.